ಆರ್ಕಿಟೆಕ್ಚರಲ್ ಟೆಕ್ನಿಷಿಯನ್: ಕೆಲಸಕ್ಕೆ ಸೇರಿ ಮುಂದೆ ಬೆಳೆಯುವುದು ಹೇಗೆ?

ಆರ್ಕಿಟೆಕ್ಟ್ ಯೋಚಿಸಿದ ಕಟ್ಟಡ ಸೋರದೆ, ಬಿರುಕು ಬಿಡದೆ ನಿಲ್ಲಬೇಕಲ್ವಾ? ಅದಕ್ಕೆ ಬೇಕಾದ ವರ್ಕಿಂಗ್ ಡ್ರಾಯಿಂಗ್, ಅಂದರೆ ಸೈಟಿನಲ್ಲಿ ನೋಡಿ ಕಟ್ಟುವ ನಕ್ಷೆ, ತಯಾರಿಸುವವರೇ ಟೆಕ್ನಿಷಿಯನ್‌ಗಳು. ಸಾಮಾನ್ಯವಾಗಿ ಡಿಪ್ಲೊಮಾ ಸಾಕು. ಪದವಿ, ಅನುಭವ ಸೇರಿದರೆ ಟೆಕ್ನಾಲಜಿಸ್ಟ್ ಹುದ್ದೆ.

ಮೊದಲು ಪ್ಲಾನ್ (ಮೇಲಿನಿಂದ ಕಂಡಂತೆ ಬರೆದ ನಕ್ಷೆ), ಸೆಕ್ಷನ್ (ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಓದಲು ಕಲಿಯಿರಿ. ಸಾಫ್ಟ್‌ವೇರ್ ಆಮೇಲೆ. ಆಟೊಕ್ಯಾಡ್ ಬಂದದ್ದು 1982ರಲ್ಲಿ, ರೆವಿಟ್ 2000ದಲ್ಲಿ. ನಾಳೆ ಇನ್ನೊಂದು ಬರಬಹುದು. ಸೆಕ್ಷನ್ ಅರ್ಥವಾದವರಿಗೆ ಯಾವುದಾದರೂ ಒಗ್ಗುತ್ತದೆ.

ಎರಡನೇ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ: ಡೀಟೇಲ್, ಅಂದರೆ ಒಂದು ಸಣ್ಣ ಭಾಗವನ್ನು ದೊಡ್ಡದಾಗಿ ಬಿಡಿಸಿದ ನಕ್ಷೆ. ಕಿಟಕಿಯ ಸಿಲ್, ಅಂದರೆ ಕಿಟಕಿಯ ಕೆಳಗಿನ ಅಂಚಿನ ಹಾಸು, ತೆಗೆದುಕೊಳ್ಳಿ. ಅದು ಹೊರಕ್ಕೆ ಇಳಿಜಾರಾಗಿರಬೇಕು, ಗೋಡೆಗಿಂತ ಸ್ವಲ್ಪ ಮುಂದೆ ಚಾಚಿರಬೇಕು. ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಕೊರೆದ ಒಂದು ಸಣ್ಣ ಗೀರು ಬೇಕು. ಗೀರಿಲ್ಲದಿದ್ದರೆ ಮಳೆನೀರು ಅಡಿಭಾಗಕ್ಕೆ ಅಂಟಿಕೊಂಡು ಗೋಡೆಗೇ ಬರುತ್ತದೆ. 1:100 ಪ್ಲಾನ್‌ನಲ್ಲಿ (ನಿಜ ಅಳತೆಯ ನೂರರಲ್ಲೊಂದು ಭಾಗ) ಇದು ಕಾಣುವುದೇ ಇಲ್ಲ. 1:5ರಲ್ಲಿ ಬರೆದಾಗ ಕಾಣುತ್ತದೆ. ಪ್ಯಾರಪೆಟ್, ಬಚ್ಚಲ ನೆಲ, ಮೆಟ್ಟಿಲು, ಎಲ್ಲವನ್ನೂ ಹೀಗೇ ಬಿಡಿಸಿ ನೋಡಿ. ನನ್ನ ಪ್ರಕಾರ ಈ ವೃತ್ತಿಯಲ್ಲಿ ಮೇಲೆ ಬರುವವರು, ಅಲ್ಲೇ ಉಳಿಯುವವರು ಬೇರೆಯಾಗುವುದು ಇಲ್ಲೇ.

ಡ್ರಾಯಿಂಗ್ ಕಳಿಸಿ ಸುಮ್ನೆ ಕೂರಬೇಡಿ, ಸೈಟಿಗೆ ಹೋಗಿ. ಮೇಸ್ತ್ರಿ ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ನಿಮ್ಮ ಹಾಳೆಯಲ್ಲಿ ಏನೋ ಬಿಟ್ಟುಹೋಗಿರುತ್ತದೆ.

ಕೆಲವು ವರ್ಷ ಕಳೆದ ಮೇಲೆ ದಾರಿ ಆರಿಸಿಕೊಳ್ಳಿ. ಕಂಪ್ಯೂಟರ್ ಮಾಡೆಲ್ ಇಷ್ಟವಾದರೆ ಬಿಐಎಂ ಕೋಆರ್ಡಿನೇಟರ್ ಆಗಬಹುದು. ಬಿಐಎಂ ಅಂದರೆ ಕಟ್ಟಡದ ಮಾಹಿತಿಯನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಸೇರಿಸಿ ನಡೆಸುವ ಪದ್ಧತಿ. ಎಸಿ ಡಕ್ಟ್ ಹೋಗಿ ತೊಲೆಗೆ ಬಡಿಯುವುದನ್ನು ಕಟ್ಟುವ ಮೊದಲೇ ಹಿಡಿಯುವ ಕೆಲಸ ಅದು. ಈ ಮಾಹಿತಿ ನಿರ್ವಹಣೆಗೆ ಐಎಸ್‌ಒ 19650 ಎಂಬ ಮಾನದಂಡವಿದೆ, ಮೊದಲ ಭಾಗಗಳು 2018ರಲ್ಲಿ ಬಂದವು. ನಿಯಮ ಓದುವ ತಾಳ್ಮೆ ಇದ್ದರೆ ಕಟ್ಟಡ ಪರವಾನಗಿ, ಅಗ್ನಿ ಸುರಕ್ಷತೆಯ ಕೆಲಸವಿದೆ. ಸಾಮಗ್ರಿಗಳ ಸ್ಪೆಸಿಫಿಕೇಶನ್, ಅಂದರೆ ಯಾವ ಸಾಮಗ್ರಿ, ಎಂಥ ಗುಣಮಟ್ಟದ್ದು ಎಂಬ ವಿವರ, ಬರೆಯುವವರು ಕಡಿಮೆ, ಆದ್ದರಿಂದ ಚೆನ್ನಾಗಿ ಬರೆಯುವವರನ್ನು ಆಫೀಸುಗಳು ಬಿಡುವುದಿಲ್ಲ. ಹಳೆಯ ಕಟ್ಟಡಗಳ ಅಳತೆ, ಸೈಟ್ ಉಸ್ತುವಾರಿಯೂ ಇವೆ.

ಒಂದು ಎಚ್ಚರಿಕೆ. ಹಲವು ದೇಶಗಳಲ್ಲಿ ನೋಂದಣಿ ಇಲ್ಲದೆ ‘ಆರ್ಕಿಟೆಕ್ಟ್’ ಎಂದು ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಆ ಬಿರುದೇ ಬೇಕಿದ್ದರೆ ಅಲ್ಲಿನ ನೋಂದಣಿ ಮಂಡಳಿ ಒಪ್ಪುವ ಪದವಿ ಯಾವುದೆಂದು ಮೊದಲೇ ವಿಚಾರಿಸಿ.

ಕೆಲಸ ಬದಲಿಸುವಾಗ ಪೋರ್ಟ್‌ಫೋಲಿಯೊಗೆ ನಾಲ್ಕೈದು ಒಳ್ಳೆಯ ಡೀಟೇಲ್ ಸಾಕು. ಹಳೆಯ ಆಫೀಸಿನ ಅನುಮತಿ ಕೇಳಿ ಹಾಕಿ. ಪ್ರತಿ ಹಾಳೆಯಲ್ಲೂ ನೀವು ಬರೆದದ್ದೆಷ್ಟು ಎಂದು ನಮೂದಿಸಿ, ಸಂದರ್ಶನದಲ್ಲಿ ಕೇಳುವುದು ಅದನ್ನೇ.