ಪೆಟ್ಟಾದ ತಲೆಗೆ ಪರೀಕ್ಷೆ ಬೇಡ, ಪುಸ್ತಕ ಕೊಡಿ

"ನಾನ್ಯಾರು ಹೇಳು ನೋಡೋಣ?"

ನಮ್ಮ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದ ವಾರ ಈ ಪ್ರಶ್ನೆ ಕೇಳದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುವುದು, ಮಂಚದ ಪಕ್ಕ ಕೂರುವುದು, ಪರೀಕ್ಷೆ ಶುರು. ಸರಿ ಹೇಳಿದರೆ ಶಹಬ್ಬಾಸ್. ತಪ್ಪಿದರೆ ನನ್ನ ಕಡೆ ತಿರುಗಿ "ಅಯ್ಯೋ ಪಾಪ". ಅವರೋ, ಎದುರಿಗೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಸ್ಕೂಟರಿನಿಂದ ಬಿದ್ದು ಅವರ ತಲೆಗೆ ಪೆಟ್ಟಾಗಿ ನಾಲ್ಕು ವರ್ಷವಾಯಿತು. ಆಗಿನಿಂದ ಹೊಸ ವಿಷಯ ನೆನಪಿನಲ್ಲಿ ನಿಲ್ಲುವುದು ಕಷ್ಟ. ಆಮೇಲೆ ಮಂಡ್ಯದಲ್ಲೇ ಇಂಥ ಮೂರು ಮನೆ ನೋಡಿದ್ದೇನೆ. ಮಾತ್ರೆ ಸರಿಯಾಗಿ ಕೊಡುತ್ತಾರೆ, ಎಳನೀರು ಕೊಡುತ್ತಾರೆ. ಎಡವುವುದೆಲ್ಲ ಮಾತಿನಲ್ಲಿ. ಇಂಥವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಕಾಗದ ಪತ್ರ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ಮಾತ್ರೆ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ. ಅದರಲ್ಲಿ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) ಅಂತ ಎಚ್ಚರ ಎಷ್ಟಿತ್ತು ಅಂತ ಅಳೆಯುವ ಒಂದು ಅಂಕಿ ಇರುತ್ತದೆ. 15 ಅಂದರೆ ಪೂರ್ತಿ ಎಚ್ಚರ, 8 ಅಥವಾ ಅದಕ್ಕಿಂತ ಕಡಿಮೆ ಅಂದರೆ ಪೆಟ್ಟು ಜೋರು. ಹೊಸ ಡಾಕ್ಟರು ಮೊದಲು ಕೇಳುವುದರಲ್ಲಿ ಇದೂ ಒಂದು.

2. ಮನೆ. ಜಾರುವ ಕಾಲೊರಸು ತೆಗೆಯಿರಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಬಲ್ಬು ಉರಿಯಲಿ. ತಲೆಗೆ ಪೆಟ್ಟಾದ ಕೆಲವರಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಹಾಲು ಸೀದರೂ ಗ್ಯಾಸ್ ಸೋರಿದರೂ ಸುಮ್ನೆ ಕೂತಿರುತ್ತಾರೆ. ಅಡುಗೆಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ.

3. ಗೋಡೆ, ಪುಸ್ತಕ, ಮಾತು. ಎಲ್ಲರೂ ಕೆಡಿಸುವ ಹಂತ ಇದೇ. ನಿಧಾನವಾಗಿ ಓದಿ.

ಮೊದಲು ಗೋಡೆ. ತಿಂಗಳ ಕ್ಯಾಲೆಂಡರ್ ಬೇಡ. ಅದರಲ್ಲಿ ಮೂವತ್ತು ದಿನ ಕಾಣುತ್ತದೆ, ಇವತ್ತು ಯಾವುದು ಅಂತ ಕಾಣುವುದಿಲ್ಲ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತನ್ನಿ. ಹಾಳೆಯನ್ನು ಅವರೇ ಹರಿಯಲಿ, ಕಾಫಿಗೆ ಮುಂಚೆ. ನಾನು ಮೊದಲು ಬಿಳಿ ಬೋರ್ಡು, ಮಾರ್ಕರ್ ತಂದಿದ್ದೆ. ಸಂಜೆಯೊಳಗೆ ಯಾರದೋ ತೋಳು ತಾಗಿ ಅರ್ಧ ಅಳಿಸಿಹೋಗುತ್ತಿತ್ತು. ದುಡ್ಡು ದಂಡ.

ಆಮೇಲೆ ಪುಸ್ತಕ. ಗಟ್ಟಿ ರಟ್ಟಿನ 200 ಪುಟದ ಉದ್ದ ನೋಟ್‌ಬುಕ್. ಸ್ಪ್ರಿಂಗ್ ಇರುವುದು ಬೇಡ, ಹಾಳೆ ಕಿತ್ತು ಬರುತ್ತದೆ. ರಟ್ಟಿಗೆ ತೂತು ಮಾಡಿ, ದಾರ ಕಟ್ಟಿ, ಟಿವಿ ಪಕ್ಕ ಮೊಳೆಗೆ ನೇತುಹಾಕಿ. ಪೆನ್ನನ್ನೂ ದಾರಕ್ಕೇ ಕಟ್ಟಿ. ಆ ಜಾಗ ಬದಲಾಯಿಸಲೇಬಾರದು. ಹಬ್ಬಕ್ಕೆ ಸುಣ್ಣ ಹೊಡೆಸಿದಾಗ ನಮ್ಮತ್ತೆ ಮೊಳೆ ಕಿತ್ತು ಬೀರುವಿನ ಹತ್ತಿರ ಹೊಡೆದರು. ಹತ್ತು ದಿನ ಇವರು ಖಾಲಿ ಗೋಡೆಯ ಮುಂದೆಯೇ ಹೋಗಿ ನಿಂತರು. ಹೊಸ ವಿಷಯ ಮರೆತರೂ ಕೈಕಾಲಿನ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ನಾವು ಹಿಡಿದುಕೊಳ್ಳಬೇಕಾದ್ದು ಅದನ್ನೇ.

ಏನು ಬರೆಯಬೇಕು? ಏನು ಮಾಡಿದೆ, ಎಷ್ಟು ಗಂಟೆಗೆ, ಯಾರ ಜೊತೆ. ಅಷ್ಟೇ. ಕಾಫಿ, ಮಧ್ಯಾಹ್ನದ ಊಟ, ಸಂಜೆ ದೀಪ, ಈ ಮೂರು ಹೊತ್ತಿಗೆ. ಅವರದೇ ಕೈಬರಹ ಇರಲಿ, ಎಷ್ಟೇ ಸೊಟ್ಟ ಇರಲಿ. ನನ್ನ ಅಕ್ಷರದಲ್ಲಿದ್ದರೆ "ನೀನೇ ಬರ್ಕೊಂಡಿರೋದು" ಅಂತ ಜಗಳ.

ಇನ್ನು ಮಾತು. "ನೆನಪಿದೆಯಾ?" ಅನ್ನುವುದನ್ನು ಮನೆಯಿಂದಲೇ ಓಡಿಸಿ. ಉತ್ತರ ಮೊದಲು ಕೊಡಿ: "ಮದ್ದೂರಿಂದ ಭಾವ ಬಂದಿದ್ದಾರೆ ಕಣ್ರೀ." ಒತ್ತಾಯಕ್ಕೆ ಊಹಿಸಿ ತಪ್ಪು ಹೇಳಿದರೆ ಆ ತಪ್ಪೇ ತಲೆಯಲ್ಲಿ ಕೂರುತ್ತದೆ, ಯಾಕೆಂದರೆ ತಿದ್ದಿದ್ದು ಮರೆತುಹೋಗಿರುತ್ತದೆ. ಹಾಗೇ ಒಂದು ತಿಂಗಳು ನಮ್ಮ ಭಾವ ಇವರ ಪಾಲಿಗೆ ಹಾಲಿನವರಾಗಿದ್ದರು.

ದಿನಕ್ಕೆ ನಲವತ್ತು ಸಲ ಒಂದೇ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಅದು "ನನ್ನ ಗಾಡಿ ಎಲ್ಲಿ?" ಸಮಾಧಾನಕ್ಕೆ ಅಂತ ಅತ್ತೆ "ಮೆಕ್ಯಾನಿಕ್ ಹತ್ರ ಇದೆ ಕಣಪ್ಪ" ಅಂದುಬಿಟ್ಟರು. ಮಾರನೇ ದಿನ ಇವರು ಚಪ್ಪಲಿ ಹಾಕದೆ ಮೆಕ್ಯಾನಿಕ್ ಅಂಗಡಿಗೆ ಹೋಗಿ ಕೂತಿದ್ದರು. ಸುಳ್ಳಿನ ಅಡ್ಡದಾರಿ ಬೇಡ. ಪುಸ್ತಕದ ಮೊದಲ ಪುಟದಲ್ಲಿ ಅವರ ಕೈಯಲ್ಲೇ ಬರೆಸಿದೆ: "ಗಾಡಿ ಮಾರಿದ್ದೇವೆ. ಡಾಕ್ಟರ್ ಹೇಳುವವರೆಗೆ ಓಡಿಸುವಂತಿಲ್ಲ." ಕೇಳಿದಾಗಲೆಲ್ಲ "ಬನ್ನಿ ನೋಡೋಣ" ಅಂತ ಜೊತೆಗೆ ಎದ್ದು ಹೋಗಿ ಓದಿಸುತ್ತಿದ್ದೆ. ಕೂತಲ್ಲಿಂದ "ಪುಸ್ತಕ ನೋಡ್ಕೊಳ್ಳಿ" ಅಂತ ಕೂಗಿದರೆ ಕೆಲಸ ಆಗುವುದಿಲ್ಲ. ಆರು ವಾರದ ಮೇಲೆ, ಪ್ರಶ್ನೆ ಬಾಯಿಗೆ ಬರುವ ಮೊದಲೇ ಅವರ ಕಾಲು ಮೊಳೆಯ ಕಡೆ ಹೊರಟಿತು.

ಕೆಲವೊಮ್ಮೆ ಆಗದ ಕತೆ ಹೇಳುತ್ತಾರೆ. "ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ ಬಂದೆ." ಅದು ಸುಳ್ಳಲ್ಲ. ನೆನಪಿನ ತೂತಿಗೆ ಮಿದುಳು ಹಾಕಿಕೊಳ್ಳುವ ತೇಪೆ. ವಾದ ಬೇಡ.

ಇನ್ನೊಂದು. ಹುಷಾರಿಲ್ಲದ ಗಂಡಸನ್ನು ನೆಂಟರು ಮೆಲ್ಲಗೆ ಏಕವಚನಕ್ಕೆ ಇಳಿಸುತ್ತಾರೆ. ನೀವು ಇಳಿಸಬೇಡಿ. "ಊಟ ಮಾಡು ಚಿನ್ನ" ಅಂತ ಮಗುವಿನ ಹಾಗೆ ಓಲೈಸಲೂ ಬೇಡಿ.

4. ಸಿಟ್ಟು. ಹಣೆಯ ಹಿಂದಿನ ಮಿದುಳು ಸಿಟ್ಟಿಗೆ ಬ್ರೇಕ್ ಇದ್ದ ಹಾಗೆ. ಅದಕ್ಕೇ ಪೆಟ್ಟಾದರೆ ಬ್ರೇಕ್ ಹಿಡಿಯುವುದಿಲ್ಲ. ಟಿವಿ, ಮಿಕ್ಸಿ, ಕುಕ್ಕರ್ ವಿಷಲ್ ಮೂರೂ ಒಟ್ಟಿಗೆ ಬಂದರೆ ತಟ್ಟೆ ಹಾರುತ್ತದೆ. ಅವರು ಸ್ನಾನಕ್ಕೆ ಹೋದಾಗ ಮಿಕ್ಸಿ ಹಾಕಿ. ಹಣೆ ಉಜ್ಜಲು ಶುರು ಮಾಡಿದರೆ ಟಿವಿ ಆರಿಸಿ, ಸುಮ್ಮನೆ ಪಕ್ಕದ ಕೋಣೆಗೆ ಹೋಗಿ. "ಯಾಕೆ ಹೀಗೆ ಆಡ್ತೀರಿ?" ಅಂತ ಆಗ ಕೇಳುವುದು ಸೀಮೆಎಣ್ಣೆ ಸುರಿದ ಹಾಗೆ. ಮಗಳಿಗೆ ಬಿಡಿಸಿ ಹೇಳಿದೆ: "ಅಪ್ಪನ ಕೋಪ ನಿನ್ನ ಮೇಲಲ್ಲ, ಸದ್ದಿನ ಮೇಲೆ."

ಫಿಟ್ಸ್ ಬರದಿರಲಿ ಅಂತ ಕೊಡುವ ಲೆವೆಟಿರಾಸೆಟಮ್ ಮಾತ್ರೆಯಿಂದಲೂ ಕೆಲವರಿಗೆ ಸಿಡುಕು ಜಾಸ್ತಿಯಾಗುತ್ತದೆ. ಡಾಕ್ಟರಿಗೆ ಹೇಳಿ. ನೀವೇ ನಿಲ್ಲಿಸಿದರೆ ಫಿಟ್ಸ್ ಬಂದೀತು. ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಐದು ನಿಮಿಷ ದಾಟಿದರೆ 108.

ಹಾಗೇ ನೆನಪಿನ ಶಕ್ತಿಯ ಪುಡಿ, ಟಾನಿಕ್ ಅಂತ ಯಾರಾದರೂ ತಂದುಕೊಟ್ಟರೆ ಥ್ಯಾಂಕ್ಸ್ ಹೇಳಿ ಎತ್ತಿಡಿ. ಡಾಕ್ಟರಿಗೆ ಹೇಳದೆ ಯಾವುದನ್ನೂ ಹೊಟ್ಟೆಗೆ ಹಾಕಬೇಡಿ.

5. ದುಡ್ಡು. ಮೊಬೈಲಿನಿಂದ ದುಡ್ಡು ಕಳಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ. ವ್ಯವಹಾರ ಇವರ ಕೈಗೆ ಬಿಟ್ಟ ಒಂದೇ ವಾರದಲ್ಲಿ ನಮ್ಮ ಅಂಗಡಿಯ ಸಾಮಾನು ಅರ್ಧ ಬೀದಿಗೆ ಸಾಲ ಹೋಗಿತ್ತು. ಆದರೆ ಜೇಬಿನಲ್ಲಿ ನೂರಿನ್ನೂರು ರೂಪಾಯಿ ಇರಲೇಬೇಕು. ಬರಿಜೇಬಿನ ಗಂಡಸಿಗೆ ಸಿಟ್ಟು ಇನ್ನೂ ಜಾಸ್ತಿ.

6. ತರಬೇತಿ. ಮಾತು ತೊದಲಿದರೆ, ಪದ ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಅದು ಮಕ್ಕಳಿಗೆ ಮಾತ್ರ ಅಂದುಕೊಂಡವರು ಬಹಳ, ದೊಡ್ಡವರಿಗೂ ಅಲ್ಲಿ ಚಿಕಿತ್ಸೆ ಇದೆ. ಮಂಡ್ಯದಿಂದ 45 ಕಿಲೋಮೀಟರ್, ಬೆಳಗಿನ ರೈಲು ವಾಸಿ. ಮಧ್ಯಾಹ್ನದ ಬಸ್ಸಿನ ನೂಕುನುಗ್ಗಲು, ಹಾರ್ನಿಗೆ ತಲೆ ದಣಿದರೆ ತರಬೇತಿಯಲ್ಲಿ ಏನೂ ಉಳಿಯುವುದಿಲ್ಲ. ಹೊತ್ತಿದ್ದರೆ ಪಕ್ಕದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದಿಷ್ಟು ನಡೆಸಿ. ಜಂಬೂ ಸವಾರಿಯ ಜನಸಂದಣಿ ಮಾತ್ರ ಈ ವರ್ಷ ಬೇಡ.

7. ನೀವು. ವಾರಕ್ಕೆ ಎರಡು ಗಂಟೆ ಬೇರೆ ಯಾರಾದರೂ ಕೂರಬೇಕು. "ಏನಾದ್ರೂ ಬೇಕಾದ್ರೆ ಹೇಳಮ್ಮ" ಅನ್ನುವವರಿಗೆ ಅಲ್ಲೇ ದಿನ, ಗಂಟೆ ಹೇಳಿಬಿಡಿ. ಭಾವನಿಗೆ ಭಾನುವಾರ ನಾಲ್ಕರಿಂದ ಆರು ಅಂತ ಹೇಳಿದೆ. ಅವರು ಬಂದ ತಕ್ಷಣ ಮೊದಲು ಪುಸ್ತಕದಲ್ಲಿ ಬರೆಸುತ್ತೇನೆ: "4 ಗಂಟೆ. ಭಾವ ಬಂದರು. ಇವಳು ತೌರಿಗೆ ಹೋಗಿದ್ದಾಳೆ, 6ಕ್ಕೆ ಬರುತ್ತಾಳೆ." ಬರೆಸದೆ ಹೊರಟ ದಿನ ಫೋನು ಹನ್ನೊಂದು ಸಲ ಬಂದಿತ್ತು.