ಎಸಿ ತಂಪು ಕೊಡುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಎಸಿ ರಿಪೇರಿ ಮಾಡುವ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ: "ಅಣ್ಣಾ, ಎಸಿ ತಂಪ ಆಗವಲ್ದುರಿ, ಗ್ಯಾಸ್ ಹಾಕಿ ಕೊಡ್ರಿ." ಗ್ಯಾಸ್ ಪೆಟ್ರೋಲ್ ತರಹ ಓಡಿದಷ್ಟೂ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ ಎಂದರ್ಥ. ಅದಕ್ಕೇ ದುಡ್ಡು ಕೊಡುವ ಮೊದಲು ಬೇರೆ ಕಾರಣಗಳನ್ನು ನೋಡಿ.

ಮೊದಲು ಹೊರಗಿನ ಯೂನಿಟ್. ಕೋಣೆಯ ಶಾಖವನ್ನು ಆಚೆ ಎಸೆಯುವುದು ಅದೇ. ಎಸಿಯ ಟನ್, ಅಂದರೆ ತಂಪು ಮಾಡುವ ಸಾಮರ್ಥ್ಯ, ಲೆಕ್ಕ ಹಾಕುವುದು ಹೊರಗೆ 35 ಡಿಗ್ರಿ ಇದ್ದಾಗ. ನಮ್ಮಲ್ಲಿ 42 ದಾಟಿದ ಮಧ್ಯಾಹ್ನ ಒಂದೂವರೆ ಟನ್ ಎಸಿ ಒಂದೂವರೆ ಟನ್ ಕೊಡುವುದಿಲ್ಲ. ಅದರ ಮೇಲೆ ಕಾಯಿಲ್ ತುಂಬ ಧೂಳು ಕೂತಿದ್ದರೆ ಕೇಳಬೇಕೇ? ಎಂಸಿಬಿ (ಎಸಿಗೆ ಬರುವ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ, ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಹೊಡೆದರೆ ತೆಳು ತಗಡು ಮಡಚಿ ಗಾಳಿ ನಿಲ್ಲುತ್ತದೆ. ವೈರ್ ಇರುವ ಬದಿಗೆ ನೀರು ಬೇಡ. ಯೂನಿಟ್ ಎತ್ತರದ ಗೋಡೆಯಲ್ಲಿದ್ದರೆ ದಯವಿಟ್ಟು ನೀವು ಬಾಗಬೇಡಿ, ಕೆಲಸದವರನ್ನು ಕರೆಯಿರಿ. ಬಾಲ್ಕನಿಯಲ್ಲಿ ಅದರ ಮುಂದೆ ಬಟ್ಟೆ ಒಣಹಾಕಿದರೆ, ಹಳೇ ಸಾಮಾನು ಒಟ್ಟಿದರೆ, ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಮೇಲೆ ನೆರಳು ಇರಲಿ, ಸುತ್ತ ಖಾಲಿ ಇರಲಿ.

ಒಳಗಿನ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ.

ಮೇಲಿನ ಮಹಡಿಯವರ ಕಷ್ಟ ಬೇರೆ. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿಯೂ ಶಾಖ ಇಳಿಸುತ್ತಲೇ ಇರುತ್ತದೆ. ಅಲ್ಲಿ ದೊಡ್ಡ ಎಸಿ ಕೊಳ್ಳುವ ಮೊದಲು ಮಾಳಿಗೆಗೆ ಬಿಳಿ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಪೇಂಟ್ ಬಳಿಸಿ. ಪಡುವಣ ಕಿಟಕಿಗೆ ಹೊರಗಡೆಯಿಂದಲೇ ಬಿದಿರಿನ ತಟ್ಟಿ ಅಥವಾ ಹಸಿರು ನೆಟ್ ಕಟ್ಟಿ. ಒಳಗಿನ ಪರದೆ ತಡೆಯುವಷ್ಟರಲ್ಲಿ ಶಾಖ ಗಾಜು ದಾಟಿ ಬಂದಿರುತ್ತದೆ, ಅಲ್ವಾ?

ನಮ್ಮ ಕಡೆ ಮನೆಮನೆಯಲ್ಲೂ ಕೂಲರ್ ಇದೆ. ಎಸಿ ಜೊತೆ ಅದನ್ನು ಹಚ್ಚಬೇಡಿ. ಕೂಲರ್ ತುಂಬಿದ ತೇವವನ್ನು ಹೊರಹಾಕುವುದರಲ್ಲೇ ಎಸಿಯ ಶಕ್ತಿ ಹೋಗುತ್ತದೆ.

ರಿಮೋಟ್‌ನಲ್ಲಿ 16 ಒತ್ತಿದರೆ ಬೇಗ ತಂಪಾಗುತ್ತದೆ ಎಂಬುದು ಸುಳ್ಳು. ಕೋಣೆ ಕಾದಿರುವಾಗ 24ಕ್ಕೆ ಇಟ್ಟರೂ ಕಂಪ್ರೆಸರ್ ಪೂರ್ತಿ ಜೋರಿನಲ್ಲೇ ಓಡುತ್ತದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಎಸಿಗಳಿಗೆ 24 ಡಿಗ್ರಿಯೇ ಡಿಫಾಲ್ಟ್ (ಕಂಪನಿಯೇ ಮೊದಲೇ ಇಟ್ಟು ಕೊಡುವ ಸೆಟ್ಟಿಂಗ್) ಎಂದು ಸರ್ಕಾರ ನಿಯಮ ಮಾಡಿದೆ. ನಮ್ಮ ಒಣ ಸೆಕೆಗೆ 26 ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಬಿಟ್ಟರೆ ಸಾಕು.

ಇಷ್ಟಾದ ಮೇಲೆ ಒಂದು ಪರೀಕ್ಷೆ. ಎಸಿ ಕಾಲು ಗಂಟೆ ಜೋರಾಗಿ ಓಡಲಿ. ಕೋಣೆಯೊಳಗಿನ ಯೂನಿಟ್ ಎಳೆದುಕೊಳ್ಳುವ ಗಾಳಿಗೂ ಬಿಡುವ ಗಾಳಿಗೂ ಥರ್ಮಾಮೀಟರ್ ಹಿಡಿಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಎಸಿ ಸರಿಯಿದೆ, ಮನೆಯೇ ಜಾಸ್ತಿ ಕಾಯುತ್ತಿದೆ. ವ್ಯತ್ಯಾಸ ತೀರ ಕಡಿಮೆ ಇದ್ದರೆ, ಪೈಪಿಗೆ ಐಸ್ ಕಟ್ಟಿದ್ದರೆ, ಆಫ್ ಮಾಡಿ ಮೆಕ್ಯಾನಿಕ್‌ಗೆ ಹೇಳಿ. ಗ್ಯಾಸ್ ಕಡಿಮೆಯಾಗಿದ್ದರೆ ಮೊದಲು ಲೀಕ್ ಹುಡುಕಿ ಮುಚ್ಚಲಿ, ಆಮೇಲೆ ವ್ಯಾಕ್ಯೂಮ್ ಮಾಡಲಿ, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರಗೆಳೆಯಲಿ. ಯೂನಿಟ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಲಿ. ಪಕ್ಕದಲ್ಲಿ ನಿಂತು ನೋಡಿ, ಸಂಕೋಚ ಬೇಡ.