ಮನೆಯಲ್ಲೇ ತುಂಬುವ ತೋಟೆಗೆ ಮದ್ದು ಆರಿಸುವುದು ಹೇಗೆ?

ಅಮೆರಿಕದಲ್ಲಿ ಬಂದೂಕಿನ ಸಾಮಗ್ರಿ ಮಾರುವ ದೊಡ್ಡ ಅಂಗಡಿಗಳಲ್ಲಿ ಮದ್ದಿನ ಡಬ್ಬಿಗಳಿಗೇ ಒಂದು ಗೋಡೆ ಮೀಸಲಿರುತ್ತದೆ. ಬುಲ್ಸ್‌ಐ, ಯೂನಿಕ್, 2400, ಎಚ್110, ಐಎಂಆರ್ 4895 ಎಂದು ಹೆಸರುಗಳ ಸಂತೆ. ಹಾರಿಸಿದ ಹಿತ್ತಾಳೆ ಕೇಸನ್ನು ಎತ್ತಿಟ್ಟುಕೊಂಡು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಕೂರಿಸಿ ಮತ್ತೆ ತೋಟೆ ಮಾಡಿಕೊಳ್ಳುವುದು ಅಲ್ಲಿಯ ಗುರಿಕಾರರ ಹಳೆಯ ಹವ್ಯಾಸ. ಇದಕ್ಕೆ ಹೊಸದಾಗಿ ಕೈಹಾಕಿದವರು ಆ ಗೋಡೆಯ ಮುಂದೆ ನಿಂತು ಕೇಳುವುದು ‘ಇದರಲ್ಲಿ ಯಾವುದು ಜೋರು?’ ಎಂದು. ಕೇಳಬೇಕಾದ ಪ್ರಶ್ನೆ ಬೇರೆ: ನನ್ನ ಕೈ ತಪ್ಪಿದರೆ, ಕುದುರೆ ಎಳೆಯುವ ಮೊದಲೇ ಅದು ಕಣ್ಣಿಗೆ ಬೀಳುವಂತೆ ಮಾಡುವ ಮದ್ದು ಯಾವುದು?

ಮೊದಲು ಕಾನೂನು

ಭಾರತದಲ್ಲಿ ಇದು ಮನೆಯ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಅದರ ಬಲದ ಮೇಲೆ ಯಾರೂ ತೋಟೆ ತುಂಬಲು ಕೂರಬಾರದು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ, ಮಾರಲು ಬೇಕು. ಅಲ್ಲಿರುವ ನಮ್ಮವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇದ್ದವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ. ಸಹೋದ್ಯೋಗಿಯ ಮಾತು ನಂಬಿ ಅಂಗಡಿಗೆ ಹೋಗುವ ಮುನ್ನ ವಕೀಲರನ್ನು ಕೇಳುವುದು ಒಳ್ಳೆಯದು.

ಉರಿಯುವ ವೇಗ ನೋಡಿ

ಮಲೆನಾಡಿನ ಕೇಪಿನ ಕೋವಿಗೆ ಹಾಕುವ ಕರಿಮದ್ದೇ ಬೇರೆ, ಇದೇ ಬೇರೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ರೂಪಿಸಿದ ಹೊಗೆರಹಿತ ಮದ್ದಿನ ಮೂಲದ್ರವ್ಯ ನೈಟ್ರೊಸೆಲ್ಯುಲೋಸ್. ಅದೊಂದೇ ಇದ್ದರೆ ಸಿಂಗಲ್ ಬೇಸ್. ನೈಟ್ರೊಗ್ಲಿಸರಿನ್ ಕೂಡ ಸೇರಿದ್ದರೆ ಡಬಲ್ ಬೇಸ್. ತೂಕಕ್ಕೆ ತೂಕ ಹೊಗೆರಹಿತ ಮದ್ದಿನ ಶಕ್ತಿ ಕರಿಮದ್ದಿಗಿಂತ ಬಹಳ ಹೆಚ್ಚು. ಹಾಗಾಗಿ ಕರಿಮದ್ದನ್ನು ಅಳೆಯುವ ಕೊಳವೆಯಲ್ಲಿ ಇದನ್ನು ಅಳೆದು ಹಾಕಿದರೆ ನಳಿಗೆ ಸಿಡಿಯುತ್ತದೆ.

ಹೊಗೆರಹಿತ ಮದ್ದುಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ಇರುವ ದೊಡ್ಡ ವ್ಯತ್ಯಾಸ ಉರಿಯುವ ವೇಗದ್ದು. ರಿವಾಲ್ವರಿನ ಕೇಸು ಚಿಕ್ಕದು, ನಳಿಗೆ ನಾಲ್ಕೈದು ಇಂಚು. ಗುಂಡು ಹೊರಬೀಳುವುದರೊಳಗೆ ಉರಿದು ಮುಗಿಯುವ ವೇಗದ ಮದ್ದು ಅದಕ್ಕೆ ಹೊಂದುತ್ತದೆ. ರೈಫಲಿನ ಕೇಸು ದೊಡ್ಡದು, ನಳಿಗೆ ಉದ್ದ. ಗುಂಡು ಮುಂದೆ ಸರಿಯುತ್ತಿದ್ದಂತೆ ಹಿಂದಿನಿಂದ ಒತ್ತುತ್ತಲೇ ಇರುವ ನಿಧಾನದ ಮದ್ದು ಅದಕ್ಕೆ ಬೇಕು. ರೈಫಲಿನ ಕೇಸಿಗೆ ರಿವಾಲ್ವರಿನ ಮದ್ದು ತುಂಬಿದರೆ ಗುಂಡು ಜರುಗುವ ಮೊದಲೇ ಒತ್ತಡ ಏರಿಬಿಡುತ್ತದೆ, ಬಂದೂಕು ಹಿಡಿದವರ ಮುಖದೆದುರೇ ಒಡೆಯುತ್ತದೆ.

ತಯಾರಕರು ಪ್ರಕಟಿಸುವ ಪಟ್ಟಿಗಳಲ್ಲಿ ಮದ್ದುಗಳನ್ನು ವೇಗದಿಂದ ನಿಧಾನಕ್ಕೆ ಸಾಲಾಗಿ ಕೊಟ್ಟಿರುತ್ತಾರೆ. ಯಾವ ಮದ್ದು ಯಾವುದರ ನೆರೆಯಲ್ಲಿದೆ ಎಂದು ತಿಳಿಯಲು ಮಾತ್ರ ಆ ಪಟ್ಟಿ. ನೆರೆಯದ್ದಕ್ಕೆ ಕೊಟ್ಟ ಅಳತೆಯನ್ನು ಇದಕ್ಕೆ ಬಳಸುವಂತಿಲ್ಲ.

ರಿವಾಲ್ವರಿಗೆ: ಖಾಲಿ ಜಾಗವೇ ಅಪಾಯ

.38 ಸ್ಪೆಷಲ್ ತೋಟೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಈ ತೋಟೆಯ ಕೇಸು ಕರಿಮದ್ದು ಹಿಡಿಸುವಷ್ಟು ಉದ್ದ. ಇವತ್ತಿನ ಬುಲ್ಸ್‌ಐಯಂಥ ವೇಗದ ಮದ್ದು ಅದಕ್ಕೆ ಚಿಟಿಕೆಯಷ್ಟು ಸಾಕು. ತಳದಲ್ಲಿ ಕೂತ ಆ ಚಿಟಿಕೆಯ ಮೇಲೆ ಇನ್ನೊಂದು ಚಿಟಿಕೆ ಬಿದ್ದರೂ, ಮೂರನೆಯದೂ ಬಿದ್ದರೂ ಕೇಸು ತುಂಬುವುದಿಲ್ಲ. ಗುಂಡು ಮೇಲೆ ಸಲೀಸಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ತೋಟೆಗಳೂ ಒಂದೇ ಥರ. ಈ ತೋಟೆಗೆ ಅಮೆರಿಕದ ಮದ್ದುಗುಂಡು ತಯಾರಕರ ಸಂಸ್ಥೆ ಸಾಮಿ ನಿಗದಿ ಮಾಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್. ಎರಡು ಅಳತೆ ಬಿದ್ದ ತೋಟೆಯ ಒತ್ತಡ ಈ ಮಿತಿಯನ್ನು ಎಲ್ಲೋ ದಾಟಿಬಿಡುತ್ತದೆ.

ಬುಲ್ಸ್‌ಐ ಕೆಟ್ಟ ಮದ್ದಲ್ಲ, ಗುರಿ ಸ್ಪರ್ಧೆಯವರಿಗೆ ತಲೆಮಾರುಗಳಿಂದ ಅಚ್ಚುಮೆಚ್ಚು. ಒಂದು ಪೌಂಡಿನ ಡಬ್ಬಿಯಲ್ಲಿ ನೂರಾರು ತೋಟೆ ಹೆಚ್ಚು ಬರುತ್ತವೆ ಎಂಬ ಉಳಿತಾಯದ ಲೆಕ್ಕವೂ ನಿಜವೇ. ಆದರೂ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ಯೂನಿಕ್‌ನಂತೆ ಕೇಸಿನಲ್ಲಿ ಹೆಚ್ಚು ಜಾಗ ಹಿಡಿಯುವ ಮದ್ದು ಕೊಳ್ಳಿ. ಎರಡು ಸಲ ಬಿದ್ದರೆ ಪಕ್ಕದ ಕೇಸಿಗಿಂತ ಮಟ್ಟ ಏರಿರುವುದು ಗೊತ್ತಾಗಿಬಿಡುತ್ತದೆ.

ಯಾವ ಮದ್ದಾದರೂ ಸರಿ, ಐವತ್ತು ಕುಳಿಯ ಹಲಗೆಯಲ್ಲಿ ಕೇಸುಗಳನ್ನು ನಿಲ್ಲಿಸಿ, ಮದ್ದು ಹಾಕಿದ ಮೇಲೆ ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡಬೇಕು. ಹೆಚ್ಚು ಬಿದ್ದದ್ದನ್ನು ಹುಡುಕುವಷ್ಟೇ ಗಮನದಿಂದ ಏನೂ ಬೀಳದ್ದನ್ನೂ ಹುಡುಕಿ. ಮದ್ದಿಲ್ಲದ ತೋಟೆಯಲ್ಲಿ ಬರೀ ಪ್ರೈಮರ್ ಸಿಡಿದು ಗುಂಡನ್ನು ನಳಿಗೆಯ ನಡುವೆ ಸಿಕ್ಕಿಸಿ ಬಿಡುತ್ತದೆ. ‘ಟಪ್’ ಎಂದಷ್ಟೇ ಸದ್ದು. ಅದನ್ನು ಕಡೆಗಣಿಸಿ ಮತ್ತೊಂದು ಈಡು ಹೊಡೆದರೆ ನಳಿಗೆ ಹೋಯಿತು, ಅದೃಷ್ಟ ಕೆಟ್ಟಿದ್ದರೆ ಬೆರಳೂ ಹೋಯಿತು.

.357 ಮ್ಯಾಗ್ನಂ ತೋಟೆಯ ಒತ್ತಡದ ಮಿತಿ 35,000 ಪೌಂಡ್. ಪೂರ್ತಿ ಬಿರುಸಿನ ತೋಟೆ ಬೇಕಾದವರು ಹಿಡಿಯುವುದು 2400 ಅಥವಾ ಎಚ್110. ಎಚ್110 ಕೇಸನ್ನು ಚೆನ್ನಾಗಿ ತುಂಬುತ್ತದೆ, ಎರಡು ಅಳತೆ ಹಿಡಿಸುವುದೇ ಇಲ್ಲ. ಆದರೆ ಅದಕ್ಕೊಂದು ಹಠವಿದೆ. ಪ್ರಕಟಿತ ಅಳತೆಗಿಂತ ಕಡಿಮೆ ಮಾಡಿದರೆ ಸರಿಯಾಗಿ ಹೊತ್ತಿಕೊಳ್ಳದೆ ಗುಂಡನ್ನು ನಳಿಗೆಯಲ್ಲೇ ಬಿಟ್ಟುಬಿಡಬಹುದು. ‘ಕಡಿಮೆ ಹಾಕಿದರೆ ಕ್ಷೇಮ’ ಎಂಬ ಸಹಜ ಬುದ್ಧಿ ಇಲ್ಲಿ ತಿರುಗುಬಾಣ. ಜೊತೆಗೆ, ಮೋಟು ನಳಿಗೆಯಲ್ಲಿ ಈ ಮದ್ದಿನ ಬೆಂಕಿಯ ಚೆಂಡು ನೋಡುವವರಿಗೆ ತಮಾಷೆ, ಹಿಡಿದವರಿಗಲ್ಲ.

ರೈಫಲಿಗೆ

ರೈಫಲಿನ ಕೆಲಸ ಇದಕ್ಕಿಂತ ಸುಲಭ. ನಿಧಾನದ ಮದ್ದುಗಳು ಕೇಸನ್ನು ಬಹುಪಾಲು ತುಂಬುವುದರಿಂದ ಎರಡನೆಯ ಅಳತೆ ಕತ್ತಿನಿಂದ ಹೊರಗೆ ಚೆಲ್ಲುತ್ತದೆ. .30-06 ತೋಟೆಯ ಮಧ್ಯಮ ತೂಕದ ಗುಂಡುಗಳಿಗೆ 4895ರ ಆಸುಪಾಸಿನವು, ಭಾರದ ಗುಂಡುಗಳಿಗೆ 4350ರ ಆಸುಪಾಸಿನವು ಹಳೆಯ ನೆಚ್ಚಿನವು. ಇದೇ ತೋಟೆ ಹಾರಿಸುವ, ಎರಡನೆಯ ಮಹಾಯುದ್ಧದ ಎಂ1 ಗರಾಂಡ್ ರೈಫಲ್ ಇರುವವರು ಮಾತ್ರ ಎಚ್ಚರ ವಹಿಸಬೇಕು. ಅದು ನಳಿಗೆಯ ತುದಿಯ ಅನಿಲದಿಂದ ನಡೆಯುವ ಬಂದೂಕು. ತೀರಾ ನಿಧಾನದ ಮದ್ದು ಹಾಕಿದರೆ ಅಲ್ಲಿನ ಒತ್ತಡ ಹೆಚ್ಚಾಗಿ ಆಪರೇಟಿಂಗ್ ರಾಡ್ (ಅನಿಲದ ಒತ್ತಡಕ್ಕೆ ಹಿಂದೆ ಸರಿದು ಬಂದೂಕನ್ನು ನಡೆಸುವ ಸರಳು) ಬಾಗುತ್ತದೆ.

ಮದ್ದಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಗೋಳಾಕಾರದ ಮದ್ದು ಅಳತೆ ಯಂತ್ರದಲ್ಲಿ ರಾಗಿಯಂತೆ ಸರಾಗವಾಗಿ ಇಳಿಯುತ್ತದೆ. ಕಡ್ಡಿಯಾಕಾರದ್ದು ಅಡ್ಡ ಸಿಕ್ಕಿ ‘ಕಟ್’ ಎಂದು ತುಂಡಾಗುವುದು ಕೈಗೇ ತಿಳಿಯುತ್ತದೆ. ಆ ಸಲದ ಅಳತೆಯನ್ನು ತಕ್ಕಡಿಗೆ ಹಾಕಿ ನೋಡಬೇಕು. ಸೆಕೆ, ಚಳಿಗೆ ಕಡಿಮೆ ಬದಲಾಗುವಂತೆ ತಯಾರಿಸಿದ ಕಡ್ಡಿ ಮದ್ದುಗಳಿವೆ. ಅರಿಜೋನಾದ ಬಿಸಿಲಲ್ಲೂ ಮಿನೆಸೋಟದ ಹಿಮದಲ್ಲೂ ಹೊಡೆಯುವವರಿಗೆ ಅವುಗಳ ಬೆಲೆ ದಂಡವಲ್ಲ.

ಹೆಸರು ನಂಬಬೇಡಿ, ಕೈಪಿಡಿ ನೋಡಿ

ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಮಿಕ್ಕಿದ 4895 ಮದ್ದನ್ನು ಕೊಂಡು ಹವ್ಯಾಸಿಗಳಿಗೆ ಮಾರಿ ವ್ಯಾಪಾರ ಕಟ್ಟಿದವನು ಕ್ಯಾನ್ಸಸ್‌ನ ಬ್ರೂಸ್ ಹಾಜ್ಡನ್. ಆ ಚರಿತ್ರೆಯ ಫಲವಾಗಿ ಇಂದು ಎಚ್4895 (ಎಚ್ ಎಂದರೆ ಹಾಜ್ಡನ್) ಮತ್ತು ಐಎಂಆರ್ 4895 ಎಂದು ಎರಡಿವೆ. ಸಂಖ್ಯೆ ಒಂದೇ, ಮದ್ದು ಬೇರೆ, ಅಳತೆಯೂ ಬೇರೆ. ಇದರ ತದ್ವಿರುದ್ಧವೂ ಉಂಟು: ಎಚ್110 ಮತ್ತು ವಿಂಚೆಸ್ಟರ್ 296 ಎರಡು ಡಬ್ಬಿಗಳಲ್ಲಿ ಬರುವ ಒಂದೇ ಮದ್ದು.

ಆದ್ದರಿಂದ ಕೈಪಿಡಿಯನ್ನು ಮೊದಲು ಕೊಳ್ಳಿ, ಮದ್ದನ್ನು ಆಮೇಲೆ. ಹಾರ್ನಡಿ, ಸಿಯೆರಾ, ಸ್ಪಿಯರ್ ಮೊದಲಾದ ಗುಂಡು ತಯಾರಕರೂ ಮದ್ದಿನ ಕಂಪನಿಗಳೂ ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಕೋಷ್ಟಕ ಪ್ರಕಟಿಸುತ್ತವೆ. ನಿಮ್ಮ ತೋಟೆ, ಗುಂಡಿನ ತೂಕ, ಗುಂಡು ಸೀಸದ್ದೋ ತಾಮ್ರದ ಕವಚದ್ದೋ ಎಂಬುದು ಅಲ್ಲಿಯ ಸಾಲಿಗೆ ತಾಳೆಯಾಗಬೇಕು. ಎರಡು ಕೈಪಿಡಿಗಳಲ್ಲಿ ಕಾಣಿಸಿಕೊಂಡ, ಅಂಗಡಿಯಲ್ಲಿ ವರ್ಷವಿಡೀ ಸಿಗುವ ಮದ್ದನ್ನೇ ಆರಿಸಿ. ಆರಂಭಿಕ ಅಳತೆಯಿಂದ ಶುರುಮಾಡಿ, ಕೊನೆಯ ಸಾಲಿನಿಂದಲ್ಲ. ಅಳತೆಯ ಮಾನ ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್. ಗ್ರಾಂ ಎಂದು ಓದಿಕೊಂಡರೆ ಮುಗಿಯಿತು.

ಡಬ್ಬಿ ಮನೆಗೆ ಬಂದ ಮೇಲೆ

ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಇರಲಿ. ಕೆಲಸ ಮುಗಿದೊಡನೆ ಯಂತ್ರದಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿಯಿರಿ. ರಾತ್ರಿ ಬಿಟ್ಟರೆ ಬೆಳಗ್ಗೆ ಅದು ಯಾವ ಮದ್ದು ಎಂಬ ಅನುಮಾನ ಶುರುವಾಗುತ್ತದೆ. ಮೂಲ ಡಬ್ಬಿಯನ್ನು ತಂಪಾದ, ಒಣಗಿದ ಕಡೆ ಇಡಬೇಕು. ಬಿಗಿಯಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಬೇಡ. ಬೆಂಕಿ ತಗುಲಿದರೆ ತೆರೆದ ಮದ್ದು ಬುಸ್ಸೆಂದು ಉರಿಯುತ್ತದೆ, ಬಿಗಿದು ಮುಚ್ಚಿದ್ದು ಬಾಂಬಾಗುತ್ತದೆ.

ಮುಚ್ಚಳ ತೆಗೆದಾಗ ಈಥರಿನಂಥ ವಾಸನೆ ಬಂದರೆ ಮದ್ದು ಚೆನ್ನಾಗಿದೆ. ಮೂಗಿಗೆ ಹೊಡೆಯುವ ಹುಳಿ ಘಾಟು, ತುಕ್ಕಿನ ಬಣ್ಣದ ಪುಡಿ ಕಂಡರೆ ಕೆಟ್ಟಿದೆ. ಚೀಟಿ ಹರಿದ, ಯಾರೋ ಅರ್ಧ ಬಳಸಿ ಕೊಟ್ಟ ಡಬ್ಬಿಯೂ ಅದೇ ಲೆಕ್ಕ. ಹಳೆಯ ಹವ್ಯಾಸಿಗಳು ಅಂಥ ಸ್ವಲ್ಪ ಮದ್ದನ್ನು ಮಕ್ಕಳು, ನಾಯಿ ಸುಳಿಯದ ಕಡೆ ಹುಲ್ಲಿನ ಮೇಲೆ ತೆಳ್ಳಗೆ ಎರಚಿ ನೀರು ಬಿಡುತ್ತಾರೆ. ಅದರಲ್ಲಿರುವ ಸಾರಜನಕ ಹುಲ್ಲಿಗೆ ಗೊಬ್ಬರವಾಗುತ್ತದೆ.